ಅಪ್ಪನಿಗೆ ಖಿನ್ನತೆ ಅಂತ ಮಕ್ಕಳಿಗೆ ಹೇಗೆ ಹೇಳಲಿ?

ಕೇಳಿದವರು: ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ತೆಂಗಿನ ತೋಟ ಇದೆ, ಎರಡು ಹಸು ಇವೆ. ಮನೆಯಲ್ಲಿ ಅತ್ತೆ, ನಮ್ಮನೆಯವರು, ನಾನು, ಏಳನೇ ಕ್ಲಾಸಿನ ಮಗಳು, ಯುಕೆಜಿಗೆ ಹೋಗುವ ಮಗ.

ಹೋದ ಗೌರಿ ಹಬ್ಬದ ಹೊತ್ತಿನಿಂದ ನಮ್ಮನೆಯವರು ಬದಲಾಗುತ್ತಾ ಬಂದರು. ಮೊದಲು ನಿದ್ದೆ ಹೋಯಿತು. ಇನ್ನೂ ಕತ್ತಲಿರುವಾಗಲೇ ಎದ್ದು ಜಗಲಿಯ ಮೇಲೆ ಕೂತಿರುತ್ತಿದ್ದರು. ಆಮೇಲೆ ಊಟ ಕಡಿಮೆಯಾಯಿತು. ತಲೆ ಭಾರ, ಎದೆ ಭಾರ ಅಂದರು. ಇಸಿಜಿ ಮಾಡಿಸಿದೆವು, ಎಲ್ಲ ಸರಿಯಿದೆ ಅಂದರು. ತೋಟಕ್ಕೆ ಹೋಗುವುದನ್ನು ಬಿಟ್ಟರು. ಅಟ್ಟದ ಮೇಲೆ ಕಾಯಿ ಒಣಗಿ ಕೊಬ್ಬರಿಯಾಗಿ ಕೂತಿದೆ. ರೇಟ್ ಚೆನ್ನಾಗಿದ್ದಾಗಲೂ ಇಳಿಸಿ ಸುಲಿಸಲಿಲ್ಲ. ಸಾಲ ಇಲ್ಲ, ಯಾರ ಜೊತೆಗೂ ಜಗಳ ಇಲ್ಲ. ಮನೆಗೆ ಬಂದವರೆಲ್ಲ "ಇವನಿಗೆ ಏನು ಕಡಿಮೆಯಾಗಿದೆ?" ಅಂತ ಅವರ ಎದುರಿಗೇ ಕೇಳುತ್ತಾರೆ. ಅವರು ಎದ್ದು ಒಳಗೆ ಹೋಗಿ ಮಲಗಿಬಿಡುತ್ತಾರೆ.

ಕೊನೆಗೆ ನನ್ನ ಅಣ್ಣ ಬಂದು ತುಮಕೂರಿನಲ್ಲಿ ಮನೋವೈದ್ಯರಿಗೆ ತೋರಿಸಿದ. ಖಿನ್ನತೆ ಅಂದರು, ವಾಸಿಯಾಗುತ್ತೆ ಅಂದರು. ಮಾತ್ರೆ ಶುರುವಾಗಿ ಇನ್ನೂ ಜಾಸ್ತಿ ದಿನ ಆಗಿಲ್ಲ. ಅತ್ತೆ ಹರಕೆ ಹೊತ್ತಿದ್ದಾರೆ, ತಾಯಿತ ಕಟ್ಟಿಸಿದ್ದಾರೆ. ಅದಕ್ಕೆ ನಾನು ಬೇಡ ಅಂದಿಲ್ಲ. ಮಾತ್ರೆ ನಿಲ್ಲಿಸಬಾರದು ಅಂತ ಮಾತ್ರ ಹೇಳಿದ್ದೇನೆ.

ನನಗೆ ಈಗ ಹೆಚ್ಚು ಸಂಕಟ ಆಗುತ್ತಿರುವುದು ಮಕ್ಕಳನ್ನು ನೋಡಿ. ಮಗಳು ನಾನು ಹೇಳದೆಯೇ ಬೆಳಿಗ್ಗೆ ಎದ್ದು ತಮ್ಮನಿಗೆ ಸ್ನಾನ ಮಾಡಿಸುತ್ತಾಳೆ, ಡಬ್ಬಿ ತುಂಬುತ್ತಾಳೆ. ಅಪ್ಪನ ರೂಮಿನ ಬಾಗಿಲ ಸದ್ದಾದರೆ ಟಿವಿ ಆರಿಸಿಬಿಡುತ್ತಾಳೆ. ಗೆಳತಿಯ ಮನೆಗೆ ಹೋಗುವುದನ್ನೇ ಬಿಟ್ಟಿದ್ದಾಳೆ. ಮೊನ್ನೆ ರಾತ್ರಿ ಕೇಳಿದಳು, "ಅಮ್ಮ, ನಾನು ಸೈಕಲ್ ಬೇಕು ಅಂತ ಹಟ ಮಾಡಿದ್ದಕ್ಕೆ ಅಪ್ಪ ಹೀಗಾದ್ರಾ?" ನನಗೆ ಉತ್ತರ ಹೊಳೆಯಲಿಲ್ಲ, ಮಲಕೋ ಅಂದೆ. ಮಗ ಮೊದಲಿನ ಹಾಗೆಯೇ ಅಪ್ಪನ ಹೊಟ್ಟೆ ಮೇಲೆ ಹತ್ತಿ ಕೂರುತ್ತಾನೆ. ಅವರು ಅಲುಗುವುದಿಲ್ಲ. ಇವನು ಚಿವುಟುತ್ತಾನೆ, ಹೊಡೆಯುತ್ತಾನೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬಂದಿದೆ. ಸ್ಕೂಲ್ ವ್ಯಾನ್ ಬರುವ ಹೊತ್ತಿಗೆ ಹೊಟ್ಟೆನೋವು ಅನ್ನುತ್ತಾನೆ.

ಅತ್ತೆ "ಮಕ್ಕಳ ಕಿವಿಗೆ ಹಾಕಬೇಡ, ಊರಿಗೆಲ್ಲ ಗೊತ್ತಾದರೆ ನಾಳೆ ಹುಡುಗಿಗೆ ಗಂಡು ಸಿಗಲ್ಲ" ಅನ್ನುತ್ತಾರೆ. ಹೇಳಬೇಕಾ ಬೇಡವಾ? ಹೇಳುವುದಾದರೆ ಯಾವ ಮಾತಿನಲ್ಲಿ? ಇನ್ನೊಂದು ವಿಷಯ. "ನಾನಿಲ್ಲದಿದ್ದರೆ ನೀವೆಲ್ಲ ಆರಾಮಾಗಿರ್ತೀರಿ" ಅಂತ ನಮ್ಮನೆಯವರು ಒಂದೆರಡು ಸಲ ಅಂದಿದ್ದಾರೆ. ಅದಕ್ಕೆ ನಾನು ಏನನ್ನಬೇಕು? ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1: ಮಲೆನಾಡ ಮಗಳು

ಅಕ್ಕ, ನಿಮ್ಮ ಮಗಳ ಜಾಗದಲ್ಲಿ ನಾನಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಸಾಗರದ ಹತ್ತಿರ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ತಮ್ಮ ಹುಟ್ಟಿದ. ಬಾಣಂತನದ ಕೋಣೆಯಿಂದ ಅಮ್ಮ ಹೊರಗೆ ಬಂದಳು, ಆದರೆ ಮೊದಲಿನ ಅಮ್ಮ ಆಗಿರಲಿಲ್ಲ. ಮಗು ಅತ್ತರೆ ಗೋಡೆ ನೋಡುತ್ತಾ ಕೂತಿರುತ್ತಿದ್ದಳು. ನನಗೆ ಉದ್ದ ಜಡೆ ಇತ್ತು, ದಿನಾ ಅವಳೇ ಹೆಣೆಯುತ್ತಿದ್ದಳು. ಅದು ನಿಂತಿತು. ತಲೆ ಸಿಕ್ಕುಗಟ್ಟಿ ಕೊನೆಗೆ ಅತ್ತೆ ಒಬ್ಬರು ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿದರು. ಏನಾಗಿದೆ ಅಂತ ಕೇಳಿದರೆ ದೊಡ್ಡವರೆಲ್ಲ "ಅಮ್ಮಂಗೆ ಹುಷಾರಿಲ್ಲ, ಗಲಾಟೆ ಮಾಡಬೇಡ" ಅನ್ನುತ್ತಿದ್ದರು. ಜ್ವರ ಇಲ್ಲ, ಗಾಯ ಇಲ್ಲ, ಕೆಮ್ಮಿಲ್ಲ. ಗಲಾಟೆ ಮಾಡಬೇಡ ಅಂತ ಮಾತ್ರ ನನಗೇ ಹೇಳುತ್ತಾರೆ. ಹಾಗಿದ್ದ ಮೇಲೆ ನನ್ನ ಗಲಾಟೆಯಿಂದಲೇ ಅಮ್ಮ ಹೀಗಾಗಿದ್ದು ಅಂತ ತೀರ್ಮಾನ ಮಾಡಿಕೊಂಡೆ. ಮಗುವಿನ ತಲೆ ಹೀಗೆಯೇ ಲೆಕ್ಕ ಹಾಕುತ್ತೆ. ಕಾರಣ ಯಾರೂ ಕೊಡದಿದ್ದರೆ ತಾನೇ ಕಾರಣ ಅಂದುಕೊಳ್ಳುತ್ತೆ. ನಿಮ್ಮ ಮಗಳು ಸೈಕಲ್ಲಿನ ಮಾತು ಬಾಯಿಬಿಟ್ಟು ಕೇಳಿದಳಲ್ಲ, ಅದು ದೊಡ್ಡ ವಿಷಯ. ನಾನು ಯಾರನ್ನೂ ಕೇಳಲಿಲ್ಲ.

ಆಗ ನಾನೂ ಒಲೆ ಮುಂದೆ ನಿಂತು ತಿಳಿಸಾರು ಮಾಡುವುದನ್ನು ಕಲಿತೆ. ತಮ್ಮನ ಬಟ್ಟೆ ಒಗೆದೆ. ಬಂದ ನೆಂಟರೆಲ್ಲ "ಎಷ್ಟು ಜಾಣೆ, ದೊಡ್ಡವರ ಹಾಗೆ ಮನೆ ನಿಭಾಯಿಸ್ತಾಳೆ" ಅಂತ ಬೆನ್ನು ತಟ್ಟಿದರು. ಆ ಹೊಗಳಿಕೆ ನನ್ನನ್ನು ಕಟ್ಟಿಹಾಕಿತು. ಒಂದು ದಿನ ಆಟಕ್ಕೆ ಹೋದರೂ ಏನೋ ಕೆಟ್ಟದ್ದು ಆಗಿಬಿಡುತ್ತೆ ಅನ್ನುವ ಭಯ. ಈಗಲೂ ಮನೆಯಲ್ಲಿ ಯಾರಾದರೂ ಸುಮ್ನೆ ಕೂತಿದ್ದರೆ ನನಗೆ ಸಮಾಧಾನ ಇರುವುದಿಲ್ಲ. ಕೋಪ ಬಂದಿದೆಯಾ ಅಂತ ಮುಖ ನೋಡುತ್ತಲೇ ಇರುತ್ತೇನೆ. ಅದಕ್ಕೇ ಕೈಮುಗಿದು ಕೇಳುತ್ತೇನೆ, ಆ ಕೆಲಸಗಳಿಗಾಗಿ ಮಗಳನ್ನು ಹೊಗಳಬೇಡಿ. ಕೆಲಸ ಮಾಡಬಾರದು ಅಂತಲ್ಲ, ಹಳ್ಳಿ ಮನೆಯಲ್ಲಿ ಮಕ್ಕಳು ಕೆಲಸ ಮಾಡುತ್ತಾರೆ. ತಮ್ಮನ ಸ್ನಾನವನ್ನು ಅತ್ತೆಗೆ ಒಪ್ಪಿಸಿ. ಹರಕೆ ಹೊತ್ತವರಿಗೆ ಏನಾದರೂ ಮಾಡಬೇಕು ಅಂತ ಇದ್ದೇ ಇರುತ್ತೆ. ಮಗಳನ್ನು ಸಂಜೆ ಗೆಳತಿಯ ಮನೆಗೆ ನೀವೇ ಕರೆದುಕೊಂಡು ಹೋಗಿ ಬಿಟ್ಟು ಬನ್ನಿ. "ನೀನಿಲ್ಲದಿದ್ದರೂ ಅಪ್ಪನನ್ನು ನೋಡಿಕೊಳ್ಳೋಕೆ ನಾನಿದ್ದೇನೆ, ಮಾವ ಇದ್ದಾರೆ, ಡಾಕ್ಟರ್ ಇದ್ದಾರೆ" ಅಂತ ಹೇಳಿ.

ನನಗೆ ನಿಜ ಹೇಳಿದವರು ಚಿಕ್ಕಮ್ಮ. ಅವರು ನರ್ಸ್. ಅಡಿಕೆ ಕೊಯ್ಲಿನ ಸಮಯಕ್ಕೆ ಬಂದಿದ್ದರು. ಅಂಗಳದಲ್ಲಿ ನನ್ನ ಪಕ್ಕ ಕೂತು ಅಡಿಕೆ ಹರಡುತ್ತಾ ಹೇಳಿದರು, ನನ್ನ ಮುಖ ನೋಡದೆ. ಹಾಗೆ ಹೇಳಿದ್ದರಿಂದಲೇ ನನಗೆ ಕೇಳಿಸಿಕೊಳ್ಳಲು ಆಯಿತು ಅನಿಸುತ್ತೆ. "ನಿಮ್ಮಮ್ಮಂಗೆ ಬಂದಿರೋದು ಒಂದು ಕಾಯಿಲೆ. ಹೆರಿಗೆ ಆದ ಮೇಲೆ ಕೆಲವರಿಗೆ ಬರುತ್ತೆ. ಅದಕ್ಕೆ ಹೆಸರಿದೆ, ಔಷಧ ಇದೆ. ನೀನು ಏನು ಮಾಡಿದ್ದರಿಂದಲೂ ಬಂದಿಲ್ಲ, ನೀನು ಒಳ್ಳೆಯವಳಾಗಿದ್ದರೆ ಹೋಗೋದೂ ಇಲ್ಲ. ಡಾಕ್ಟರು ವಾಸಿ ಮಾಡ್ತಾರೆ. ಅವಳಿಗೆ ನಿನ್ನ ಮೇಲೆ ಪ್ರೀತಿ ಇದೆ, ತೋರಿಸೋಕೆ ಶಕ್ತಿ ಇಲ್ಲ." ಇಷ್ಟೇ. ನಾನು ಹೂಂ ಅಂದು ಅಡಿಕೆ ಹರಡುವುದನ್ನು ಮುಂದುವರಿಸಿದೆ. ಆದರೆ ಅಂದು ರಾತ್ರಿ ನಿದ್ದೆ ಬಂತು.

ಅಮ್ಮ ವಾಸಿಯಾದಳು ಅಕ್ಕ. ಒಂದೇ ಸಲಕ್ಕೆ ಅಲ್ಲ. ಒಂದು ದಿನ ಎಣ್ಣೆ ಹಚ್ಚಿದಳು, ಮಧ್ಯೆ ಎಷ್ಟೋ ದಿನ ಬಿಟ್ಟು ಮತ್ತೊಂದು ದಿನ ಹಚ್ಚಿದಳು. ಆಗ ನಮಗೆ ಶಿವಮೊಗ್ಗವೇ ದೂರ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಬಾಣಂತಿಯನ್ನು ಮಗುವಿನ ಜೊತೆಯಲ್ಲೇ ದಾಖಲು ಮಾಡಿಕೊಂಡು ನೋಡುವ ವಿಭಾಗ ಇದೆ. ಅದರ ಬಗ್ಗೆ ಓದಿದಾಗ ನನಗೆ ತಮ್ಮನ ನೆನಪಾಗಿ ಅಳು ಬಂತು. ಅವನಿಗೆ ಆ ಮೊದಲ ತಿಂಗಳುಗಳು ಸಿಗಬೇಕಿತ್ತು.

ಉತ್ತರ 2: ಸಂಜೆಬಿಸಿಲು

ಬೇರೆ ಅಭಿಪ್ರಾಯ ಹೇಳುತ್ತೇನೆ, ಬೇಜಾರಾಗಬೇಡಿ. ಅಷ್ಟು ಚಿಕ್ಕ ಮಕ್ಕಳಿಗೆ ಯಾಕೆ ಹೇಳಬೇಕು? ಆಡುವ ವಯಸ್ಸು. ಅಪ್ಪನಿಗೆ ಮನಸ್ಸಿನ ಕಾಯಿಲೆ ಅಂತ ತಲೆಯಲ್ಲಿ ಕೂತರೆ ಜೀವನಪೂರ್ತಿ ಇರುತ್ತೆ. ಸ್ಕೂಲಿನಲ್ಲಿ ಬಾಯಿಬಿಟ್ಟರೆ ಬೇರೆ ಮಕ್ಕಳು ಆಡಿಕೊಳ್ಳುತ್ತಾರೆ. ನಿಮ್ಮ ಅತ್ತೆಯ ಭಯ ಸುಳ್ಳಲ್ಲ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಕಳಿಸಿ, ಅಷ್ಟರಲ್ಲಿ ಅವರು ಹುಷಾರಾಗುತ್ತಾರೆ.

ಉತ್ತರ 3: ಮಲೆನಾಡ ಮಗಳು

ಅಜ್ಜಿ ಮನೆಗೆ ಕಳಿಸುವುದು ಒಳ್ಳೆಯದೇ, ಮಕ್ಕಳಿಗೂ ಉಸಿರಾಡಲು ಜಾಗ ಬೇಕು. ಆದರೆ ಕಾರಣ ಹೇಳದೆ ಕಳಿಸಬೇಡಿ. ನನ್ನನ್ನೂ ಹಾಗೆ ಕಳಿಸಿದ್ದರು. ನಾನು ಬೇಡವಾದೆ ಅಂತಲೇ ತಿಳಿದುಕೊಂಡಿದ್ದೆ. ಆಡುವ ವಯಸ್ಸು ಅಂತೀರಿ, ಆ ಹುಡುಗಿ ಈಗ ಆಡುತ್ತಲೇ ಇಲ್ಲವಲ್ಲ. ಏನೋ ಆಗಿದೆ ಅಂತ ಅವಳಿಗೆ ಆಗಲೇ ಗೊತ್ತು. ಏನು ಅಂತ ಮಾತ್ರ ಗೊತ್ತಿಲ್ಲ.

ಉತ್ತರ 4: ಹುಬ್ಬಳ್ಳಿ ಲೇತ್

ತಂಗಿ, ನಾನು ನಿಮ್ಮ ಯಜಮಾನರ ಜಾಗದಾಗ ಇದ್ದವ. ಸ್ವಂತ ವರ್ಕ್‌ಶಾಪ್ ಐತಿ, ಲೇತ್ ಕೆಲಸ. ವಯಸ್ಸು ಐವತ್ತರ ಮೇಲೆ. ಒಳಗಿನಿಂದ ಅದು ಹೇಗಿರುತ್ತೆ ಅಂತ ಹೇಳಿದರೆ ನಿಮಗೆ ಅನುಕೂಲ ಆಗಬಹುದು.

ಮಗ ಪಕ್ಕಕ್ಕೆ ಬಂದು ಅಪ್ಪಾ ಅಂದರೆ ನನಗೆ ಕೇಳಿಸುತ್ತಿತ್ತು. ಏನು ಅಂತ ಕೇಳಬೇಕು ಅಂತ ಮನಸ್ಸಿಗೂ ಬರುತ್ತಿತ್ತು. ಬಾಯಿ ಏಳುತ್ತಿರಲಿಲ್ಲ. ಅವನು ಸ್ವಲ್ಪ ಹೊತ್ತು ನಿಂತು ಹೊರಟುಹೋಗುತ್ತಿದ್ದ. ಆಗ ನಾನೆಂಥ ಅಪ್ಪ ಅನ್ನುವ ವಿಚಾರ ಶುರುವಾದರೆ ಇಡೀ ದಿನ ಅದೇ. ಪ್ರೀತಿ ಇಲ್ಲದ್ದಕ್ಕೆ ಹಾಗೆ ಆಗುವುದಿಲ್ಲ. ಪ್ರೀತಿ ಇರುವುದಕ್ಕೇ ಆ ಸಂಕಟ. ಒಮ್ಮೊಮ್ಮೆ ಸಿಟ್ಟೂ ಬರುತ್ತಿತ್ತು. ತಟ್ಟೆ ಸದ್ದಾದರೂ ಕೂಗಾಡುತ್ತಿದ್ದೆ. ಗಂಡಸರಲ್ಲಿ ದುಃಖಕ್ಕಿಂತ ಸಿಟ್ಟೇ ಮುಂದೆ ಕಾಣುವುದು ಜಾಸ್ತಿ ಅಂತ ಡಾಕ್ಟರ್ ಆಮೇಲೆ ಹೇಳಿದರು. ಮನೆಯವರು ಅದನ್ನು ಸೊಕ್ಕು ಅಂತ ತಿಳಿದಿದ್ದರು.

ಮಾತ್ರೆ ವಿಷಯ. ಮೊದಲ ವಾರ ಹೊಟ್ಟೆ ತೊಳಸುತ್ತೆ, ಗುಣ ಮಾತ್ರ ಏನೂ ಕಾಣುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕು ಕೆಲಸ ಶುರುವಾಗೋಕೆ, ಕೆಲವರಿಗೆ ಇನ್ನೂ ಜಾಸ್ತಿ. ಆ ಹೊತ್ತಿನಲ್ಲೇ ಬಹಳ ಜನ ಬಿಟ್ಟುಬಿಡುತ್ತಾರೆ. ನೀವು ಕಾಯಿರಿ. ಹುಷಾರಾದ ಮೇಲೂ ಆರು ತಿಂಗಳಿಗಿಂತ ಕಡಿಮೆ ಇಲ್ಲದಂತೆ ತಗೋಬೇಕು, ಬಿಡುವಾಗ ಡಾಕ್ಟರ್ ಹೇಳಿದಂತೆ ನಿಧಾನಕ್ಕೆ ಇಳಿಸಬೇಕು ಅಂತ ನಮ್ಮ ಡಾಕ್ಟರ್ ಮೊದಲ ದಿನವೇ ಹೇಳಿದ್ದರು. ಅದು ಚಟ ಆಗುವ ಮಾತ್ರೆ ಅಲ್ಲ, ಅತ್ತೆಯವರಿಗೂ ತಿಳಿಸಿ. ಯಾರಾದರೂ "ಒಂದು ಪೆಗ್ ಹಾಕಿ ಮಲಗು, ಸರಿಹೋಗುತ್ತೆ" ಅಂತ ಹೇಳುತ್ತಾ ಬಂದರೆ ಬಾಗಿಲಲ್ಲೇ ಕಳಿಸಿಬಿಡಿ. ಕುಡಿತ ಇದನ್ನು ಇನ್ನಷ್ಟು ಆಳಕ್ಕೆ ಎಳೆಯುತ್ತೆ.

ಮಕ್ಕಳ ವಿಷಯದಲ್ಲಿ ನನ್ನ ಹೆಂಡತಿ ಮಾಡಿದ್ದು ಹೇಳುತ್ತೇನೆ. ಸಂಜೆ ಚಹಾ ಹೊತ್ತಿಗೆ ಮಗನನ್ನು ನನ್ನ ಪಕ್ಕ ಕೂರಿಸುತ್ತಿದ್ದಳು. "ಅಪ್ಪ ಮಾತಾಡಲ್ಲ, ಅವರಿಗೆ ದಣಿವು. ನೀ ನಿನ್ನ ಪಾಡಿಗೆ ಚಿತ್ರ ಬರಿ" ಅನ್ನುತ್ತಿದ್ದಳು. ಅವನು ಲಾರಿ ಚಿತ್ರ ಬರೆಯುತ್ತಿದ್ದ. ನನ್ನಿಂದ ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳದೆ ಪಕ್ಕ ಕೂತರಲ್ಲ, ಅದು ನನ್ನನ್ನು ಉಳಿಸಿತು. ಒಂದು ದಿನ ಅವನು ಬರೆದ ಲಾರಿಗೆ ಹಿಂದಿನ ಗಾಲಿ ಇರಲಿಲ್ಲ, ನಾನೇ ಪೆನ್ಸಿಲ್ ತಗೊಂಡು ಬರೆದೆ. ನಿಮ್ಮ ಮಗ ಹೊಟ್ಟೆ ಮೇಲೆ ಹತ್ತಿ ಕೂರುವುದನ್ನು ಬಿಡಿಸಬೇಡಿ, ಅಪ್ಪನಿಗೆ ಸಾಕಾಯಿತು ಅಂತ ಕಂಡಾಗ ನೀವು ಎತ್ತಿಕೊಳ್ಳಿ. ಮತ್ತೆ "ಏನು ಕಡಿಮೆಯಾಗಿದೆ" ಅಂತ ಕೇಳುವವರನ್ನು ದಯವಿಟ್ಟು ತಡೆಯಿರಿ. ಆ ಮಾತಿನಿಂದ ನನಗೆ ಆದ ನೋವು ಬೇರೆ ಯಾವುದರಿಂದಲೂ ಆಗಿಲ್ಲ.

ಉತ್ತರ 5: ಆಪ್ತಸಮಾಲೋಚಕಿ

ನಾನು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ. ಎಲ್ಲಕ್ಕಿಂತ ಮೊದಲು ನಿಮ್ಮ ಕೊನೆಯ ಪ್ರಶ್ನೆ. "ನಾನಿಲ್ಲದಿದ್ದರೆ ಆರಾಮಾಗಿರ್ತೀರಿ" ಅಂದಿದ್ದನ್ನು ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಹೇಳಿ, ಮುಂದಿನ ತಪಾಸಣೆವರೆಗೆ ಕಾಯಬೇಡಿ. ಅವರನ್ನೂ ನೇರವಾಗಿ ಕೇಳಿ: "ಸಾಯಬೇಕು ಅಂತ ಯೋಚನೆ ಬರುತ್ತಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅಂತ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದವರ ಮುಂದೆ ಭಾರ ಇಳಿಸುತ್ತಾರೆ. "ಹಾಗೆಲ್ಲ ಅನ್ನಬೇಡಿ" ಅಂತ ಬಾಯಿ ಮುಚ್ಚಿಸುವುದಕ್ಕಿಂತ "ನೀವು ನಮಗೆ ಬೇಕು, ಈ ಯೋಚನೆ ಕಾಯಿಲೆಯಿಂದ ಬರ್ತಿದೆ, ಡಾಕ್ಟರಿಗೆ ಹೇಳೋಣ" ಅನ್ನಿ. ತೋಟಕ್ಕೆ ಹೊಡೆಯುವ ಔಷಧಿ ಏನಿದ್ದರೂ ಮನೆಯಿಂದ ಹೊರಗೆ ಸಾಗಿಸಿ, ನಿಮ್ಮ ಅಣ್ಣನ ಮನೆಗೆ ಕಳಿಸಿದರೂ ಸರಿ. ಮಾತ್ರೆಗಳು ನಿಮ್ಮ ಕೈಯಲ್ಲಿರಲಿ, ದಿನದ್ದು ದಿನ ಕೊಡಿ. ಸ್ವಲ್ಪ ದಿನ ಅವರನ್ನು ಒಬ್ಬರೇ ಬಿಡಬೇಡಿ. ರಾತ್ರಿ ಹೊತ್ತು ಭಯ ಆದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್, 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ದಿನದ 24 ಗಂಟೆಯೂ ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಪಾಯ ಕಣ್ಣೆದುರೇ ಇದೆ ಅನಿಸಿದರೆ ಫೋನಿನಲ್ಲಿ ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ತುಮಕೂರಿಗೆ ಪ್ರತಿ ಸಲ ಹೋಗುವುದು ಕಷ್ಟವಾದರೆ, ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಥೈರಾಯ್ಡ್, ಬಿ12 ಪರೀಕ್ಷೆ ಆಗಿಲ್ಲದಿದ್ದರೆ ಅದನ್ನೂ ಕೇಳಿ. ಅವು ಏರುಪೇರಾದರೂ ಇಂಥ ಲಕ್ಷಣ ಬರುತ್ತವೆ.

ಮಕ್ಕಳಿಗೆ ಹೇಳಿ ಅಂತಲೇ ನನ್ನ ಮಾತೂ. ಮಲೆನಾಡಿನ ತಂಗಿಯ ಚಿಕ್ಕಮ್ಮ ಹೇಳಿದ ಮಾತಿಗಿಂತ ಚೆನ್ನಾಗಿ ನಾನು ಹೇಳಲಾರೆ. ಮಗನಿಗೆ ಅಷ್ಟೂ ಬೇಡ. "ಅಪ್ಪನಿಗೆ ಕಾಯಿಲೆ. ನಿನ್ನಿಂದ ಬಂದಿಲ್ಲ. ಮಾತ್ರೆ ತಗೋತಿದ್ದಾರೆ" ಸಾಕು. ನಾಳೆ ಮತ್ತೆ ಕೇಳುತ್ತಾನೆ, ಮತ್ತೆ ಅದನ್ನೇ ಹೇಳಿ. ಹಾಸಿಗೆ ಒದ್ದೆಯಾಗುವುದು, ಹೊಟ್ಟೆನೋವು ಇವೆಲ್ಲ ಆ ವಯಸ್ಸಿನವರು ಭಯವನ್ನು ಹೊರಹಾಕುವ ರೀತಿ. ಬೈಯಬೇಡಿ. ಊಟ, ಸ್ಕೂಲು, ಮಲಗುವ ಹೊತ್ತು ದಿನಾ ಒಂದೇ ರೀತಿ ಇದ್ದರೆ ಬೇಗ ಸರಿಹೋಗುತ್ತೆ. "ಇನ್ನೊಂದು ವಾರಕ್ಕೆ ಅಪ್ಪ ಸರಿಹೋಗ್ತಾರೆ" ಅಂತ ಮಾತ್ರ ಮಾತು ಕೊಡಬೇಡಿ. ವಾರ ಕಳೆದರೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತೆ.

ಅತ್ತೆಗೆ ಹೀಗೆ ಹೇಳಿ ನೋಡಿ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೊಡ್ಡವರಲ್ಲಿ 20 ಜನಕ್ಕೆ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತೆ. ನಾಳೆ ಗಂಡಿನ ಮನೆಯಲ್ಲೂ ಒಬ್ಬರು ಇದ್ದೇ ಇರಬಹುದು. ಇನ್ನೊಂದು ಸಮಾಧಾನದ ವಿಷಯ ಇದೆ. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದ ತಾಯಂದಿರ ಜೊತೆಗೆ ಅವರ 7ರಿಂದ 17 ವರ್ಷದ ಮಕ್ಕಳನ್ನೂ ಗಮನಿಸಿದ್ದರು. ಮೂರು ತಿಂಗಳಲ್ಲಿ ತಾಯಿ ಚೇತರಿಸಿಕೊಂಡ ಮನೆಗಳಲ್ಲಿ ಮಕ್ಕಳ ತೊಂದರೆಯೂ ಕಡಿಮೆಯಾಯಿತು. ಅದು ತಾಯಂದಿರ ಅಧ್ಯಯನ, ಆದರೂ ನಾನು ಕೆಲಸದಲ್ಲಿ ನೋಡುವುದೂ ಇದೇ. ಅಪ್ಪನ ಚಿಕಿತ್ಸೆ ನಡೆಯುತ್ತಿದೆ ಅಂದರೆ ಮಕ್ಕಳಿಗೂ ಅರ್ಧ ಚಿಕಿತ್ಸೆ ನಡೆಯುತ್ತಿದೆ.

ನೀವು ಹೇಗಿದ್ದೀರಿ? ನಿಮ್ಮ ನಿದ್ದೆ, ಊಟದ ಬಗ್ಗೆ ಒಂದು ಮಾತೂ ಬರೆದಿಲ್ಲ.

ಉತ್ತರ 6: ತೋಟದಮನೆ

ಎಲ್ಲರಿಗೂ ತುಂಬಾ ಧನ್ಯವಾದ. ಅಣ್ಣನಿಗೆ ಹೇಳಿ ಔಷಧಿ ಡಬ್ಬಗಳನ್ನೆಲ್ಲ ಅವತ್ತೇ ಸಾಗಿಸಿದೆ. ಡಾಕ್ಟರ್ ಜೊತೆ ಫೋನಿನಲ್ಲಿ ಮಾತಾಡಿದೆ. ಬೇಗ ಕರೆದುಕೊಂಡು ಬನ್ನಿ ಅಂದರು, ಹೋಗಿಬಂದೆವು. ಮಾತ್ರೆಯ ಪ್ರಮಾಣ ಬದಲಿಸಿದ್ದಾರೆ. ನಾನು ನೇರವಾಗಿ ಕೇಳಿದಾಗ ಇವರು ಬಹಳ ಹೊತ್ತು ಅತ್ತರು. ಯೋಚನೆ ಬರುತ್ತಿತ್ತು, ಮಕ್ಕಳ ಮುಖ ನೆನಪಾಗಿ ತಡೆದುಕೊಂಡೆ ಅಂದರು. ಡಾಕ್ಟರ್ ಎದುರಿಗೂ ಅದನ್ನೇ ಹೇಳಿದರು. ಈಗ ಅಣ್ಣ ನಮ್ಮ ಮನೆಯಲ್ಲೇ ಮಲಗುತ್ತಿದ್ದಾನೆ.

ಮಗಳಿಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಹೇಳಿದೆ. ಆ ಚಿಕ್ಕಮ್ಮನ ಮಾತನ್ನೇ ಸ್ವಲ್ಪ ಆಚೀಚೆ ಮಾಡಿ ಹೇಳಿದೆ. ಸೈಕಲ್ಲಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಕೇಳಿದಳು, "ಹಾಗಾದರೆ ನನಗೂ ಬರುತ್ತಾ?" ಇದಕ್ಕೆ ನಾನು ಸಿದ್ಧವಾಗಿರಲಿಲ್ಲ. ಡಾಕ್ಟರನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ. ಏನು ಹೇಳಲಿ? ಮಗನ ಟೀಚರಿಗೂ ಹೇಳಬೇಕಾ?

ಅತ್ತೆ ಇನ್ನೂ ಒಪ್ಪಿಲ್ಲ. ಆದರೆ ಮಗನ ಸ್ನಾನ ಈಗ ಅವರದೇ. ನನ್ನ ನಿದ್ದೆ ಸರಿಯಿಲ್ಲ, ನಿಜ.

ಉತ್ತರ 7: ಆಪ್ತಸಮಾಲೋಚಕಿ

ಬಹಳ ಒಳ್ಳೆಯ ಕೆಲಸ ಮಾಡಿದಿರಿ. ಅಣ್ಣ ಇನ್ನೂ ಕೆಲವು ವಾರ ಇರಲಿ.

ಮಗಳ ಪ್ರಶ್ನೆಗೆ ನಿಜವನ್ನೇ ಹೇಳಿ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಆದರೆ ಬಂದೇ ಬರುತ್ತೆ ಅಂತ ಇಲ್ಲ, ಇಂಥ ಮನೆಯ ಎಷ್ಟೋ ಮಕ್ಕಳಿಗೆ ಬರುವುದೇ ಇಲ್ಲ. "ಒಂದು ವೇಳೆ ಬಂದರೂ ನಾವು ಬೇಗ ಗುರುತಿಸ್ತೀವಿ, ಔಷಧ ಇದೆ, ನೀನು ಮುಚ್ಚಿಡಬೇಕಾಗಿಲ್ಲ" ಅನ್ನಿ. ಎರಡು ವಾರಕ್ಕಿಂತ ಹೆಚ್ಚು ಅವಳು ಮಂಕಾಗಿದ್ದರೆ, ಊಟ, ನಿದ್ದೆ, ಓದು ಎಲ್ಲ ಕೆಟ್ಟರೆ, ಸಾಯುವ ಮಾತಾಡಿದರೆ ಅವಳನ್ನೂ ತೋರಿಸಿ. ಸಾಯುವ ಮಾತು ಬಂದರೆ ಎರಡು ವಾರ ಕಾಯುವುದೂ ಬೇಡ.

ಟೀಚರಿಗೆ ಕಾಯಿಲೆಯ ಹೆಸರು ಹೇಳಲೇಬೇಕು ಅಂತಿಲ್ಲ. "ಮನೆಯಲ್ಲಿ ಅವರಪ್ಪನಿಗೆ ಆರೋಗ್ಯ ಸರಿಯಿಲ್ಲ, ಇವನು ಹೆದರಿದ್ದಾನೆ, ಸ್ವಲ್ಪ ದಿನ ಗಮನಿಸಿ, ಹೊಟ್ಟೆನೋವು ಅಂದರೆ ಪಕ್ಕ ಕೂರಿಸಿಕೊಳ್ಳಿ" ಅಷ್ಟು ಸಾಕು. ಮಗಳ ಕ್ಲಾಸ್ ಟೀಚರಿಗೂ ಒಂದು ಮಾತು ತಿಳಿಸಿ. ಆದರೆ ಮೊದಲು ಮಗಳನ್ನು ಕೇಳಿಯೇ ಹೇಳಿ, ಅವಳಿಗೆ ಬೇಡ ಅನಿಸಿದರೆ ಬಿಡಿ.

ಮುಂದಿನ ಮಂಗಳವಾರ ಅವರನ್ನು ಕರೆದುಕೊಂಡು ಹೋಗುವಾಗ ನಿಮ್ಮ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ.